ನೀರು ಮೊದಲು, ಸೀಗಡಿ ಆಮೇಲೆ

ಸೀಗಡಿ ಅಂದ ಕೂಡಲೇ ನಮಗೆ ಸಾರು ನೆನಪಾಗುತ್ತದೆ. ಒಣ ಸೀಗಡಿ ಚಟ್ನಿ ನೆನಪಾಗುತ್ತದೆ. ಆದರೆ ಈ ಪಾಠದ ಸೀಗಡಿ ಅಡುಗೆಗೆ ಅಲ್ಲ. ಇದು ಗಾಜಿನ ತೊಟ್ಟಿಯಲ್ಲಿ ಸಾಕುವ ಸೀಗಡಿ. ಉದ್ದ ಒಂದು ಅಂಗುಲ. ಬಣ್ಣ ಕೆಂಪು. ಅಂಗಡಿಯವರು ಇದನ್ನು ಚೆರ್ರಿ ಸೀಗಡಿ ಅಂತಾರೆ. ಇದರ ಮೂಲ ಚೀನಾ, ತೈವಾನ್ ಕಡೆಯ ಹಳ್ಳ ಕೊಳ್ಳಗಳು. ಅಲ್ಲಿ ಇದು ಮಣ್ಣಿನ ಬಣ್ಣದ್ದು. ಕೆಂಪಗೆ ಇರುವುದನ್ನೇ ಆರಿಸಿ ಆರಿಸಿ ಬೆಳೆಸಿ ಜನ ಈ ಬಣ್ಣ ತಂದರು.

ಇದು ಸಿಹಿನೀರಿನ ಜೀವಿ. ಉಪ್ಪುನೀರು ಬೇಡ. 20ರಿಂದ 28 ಡಿಗ್ರಿ ಬಿಸಿ ಇರುವ ನೀರು ಇದಕ್ಕೆ ಹಿತ. ಬೆಂಗಳೂರಿನ ಹವೆ ಬಹುಮಟ್ಟಿಗೆ ಹಾಗೇ ಇದೆ. ಆದ್ದರಿಂದ ನಮ್ಮಲ್ಲಿ ನೀರು ಕಾಯಿಸುವ ಯಂತ್ರ ಬೇಕಿಲ್ಲ. ಬೇಸಿಗೆಯಲ್ಲಿ ತೊಟ್ಟಿಗೆ ಬಿಸಿಲು ಬೀಳದಂತೆ ನೋಡಿಕೊಂಡರೆ ಸಾಕು.

ಮನೆಯಲ್ಲಿ ಈ ಸೀಗಡಿ ಮರಿ ಮಾಡುತ್ತದೆಯೆ? ಮಾಡುತ್ತದೆ. ಹೇಗೆ? ಓದೋಣ ಬನ್ನಿ.

ಹೇರೋಹಳ್ಳಿಯ ಒಂದು ಮನೆ

ಮಾಗಡಿ ರಸ್ತೆಯ ಕಡೆ ಹೇರೋಹಳ್ಳಿ ಇದೆ. ಹಿಂದೆ ಅದು ಹಳ್ಳಿ. ಈಗ ಬೆಂಗಳೂರಿನ ಒಳಗೆ ಸೇರಿದೆ. ಕೆರೆ ಇನ್ನೂ ಇದೆ. ಕೆರೆಯ ಸುತ್ತ ಮನೆಗಳು ಎದ್ದಿವೆ. ಅಲ್ಲಿ ಒಂದು ಮನೆ ಅಂತ ಇಟ್ಟುಕೊಳ್ಳಿ. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಕಲಿಕೆ ಕೇಂದ್ರಕ್ಕೆ ಹೋಗಿ ಓದು ಬರಹ ಕಲಿತಿದ್ದಾಳೆ. ಮಗಳು 9ನೇ ತರಗತಿ. ತಾಯಿ ಓವರ್‌ಟೈಮ್ ದುಡಿದು ಉಳಿಸಿದ ಹಣದಲ್ಲಿ ಗಾಜಿನ ತೊಟ್ಟಿ ಬಂತು. ನೀರು ತುಂಬಿಸಿ ಒಂದು ವಾರವಾಯಿತು. ತೊಟ್ಟಿ ಖಾಲಿ ಖಾಲಿ.

“ಏನೇ ಇದು? ವಾರ ಆಯ್ತು. ಬರೀ ನೀರು ನೋಡ್ಕೊಂಡು ಕೂತಿದ್ದೀಯ. ಸೀಗಡಿ ಎಲ್ಲಿ?”

“ಅಮ್ಮ, ನೀರು ಇನ್ನೂ ಹದಕ್ಕೆ ಬಂದಿಲ್ಲ.”

“ನೀರಿಗೆ ಎಂಥ ಹದ ಕಣೆ? ಅದೇನು ದೋಸೆ ಹಿಟ್ಟಾ?”

“ಹೂಂ ಅಮ್ಮ. ದೋಸೆ ಹಿಟ್ಟಿನ ಹಾಗೇ.”

ಮಗಳು ಹೇಳಿದ್ದು ಸರಿ. ರುಬ್ಬಿದ ಹಿಟ್ಟು ರಾತ್ರಿ ಕಳೆದರೆ ಉಬ್ಬುತ್ತದೆ. ಯಾಕೆ? ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಅಲ್ಲಿ ಕೆಲಸ ಮಾಡುತ್ತವೆ. ತೊಟ್ಟಿಯ ನೀರಿನಲ್ಲೂ ಅಂಥ ಸೂಕ್ಷ್ಮ ಜೀವಿಗಳು ಬೇಕು.

ಸೀಗಡಿ ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ. ಉಳಿದ ಮೇವು ಕೊಳೆಯುತ್ತದೆ. ಇವುಗಳಿಂದ ನೀರಿನಲ್ಲಿ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮ ಜೀವಿ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೆಡುಕು ಮಾಡುವುದಿಲ್ಲ. ಗಿಡಗಳು ಅದನ್ನು ಹೀರಿಕೊಳ್ಳುತ್ತವೆ.

ಈ ಸೂಕ್ಷ್ಮ ಜೀವಿಗಳು ಬೆಳೆಯಲು 4ರಿಂದ 6 ವಾರ ಬೇಕು. ನೀರು ತುಂಬಿಸಿದ ದಿನವೇ ಸೀಗಡಿ ಬಿಟ್ಟರೆ ಏನಾಗುತ್ತದೆ? ವಿಷ ಹುಟ್ಟುತ್ತದೆ. ಅದನ್ನು ಕಳೆಯುವವರು ಇರುವುದಿಲ್ಲ. ಸೀಗಡಿ ಒಂದೊಂದಾಗಿ ಸಾಯುತ್ತವೆ. ಹೊಸಬರ ತೊಟ್ಟಿಯಲ್ಲಿ ಸಾವು ಆಗುವುದು ಹೆಚ್ಚಾಗಿ ಹೀಗೆ.

ತೊಟ್ಟಿ ಸಿದ್ಧ ಮಾಡುವುದು

ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ ಇದ್ದರೆ ಚೆನ್ನ. ಇದಕ್ಕೆ 54 ಲೀಟರ್ ನೀರು ಹಿಡಿಯುತ್ತದೆ. ತೀರ ಚಿಕ್ಕ ತೊಟ್ಟಿ ಬೇಡ. ಚಿಕ್ಕ ತೊಟ್ಟಿಯ ನೀರು ಬೇಗ ಕೆಡುತ್ತದೆ.

ತಳಕ್ಕೆ ತೊಳೆದ ಸಣ್ಣ ಜಲ್ಲಿ ಹಾಕಿ. ಮೂಲೆಯಲ್ಲಿ ಸ್ಪಂಜಿನ ಫಿಲ್ಟರ್ ಇಡಿ. ಗಾಳಿ ಪಂಪು ಅದಕ್ಕೆ ಗಾಳಿ ಊದುತ್ತದೆ. ಸ್ಪಂಜಿನ ತೂತುಗಳಲ್ಲಿ ಸೂಕ್ಷ್ಮ ಜೀವಿಗಳು ಮನೆ ಮಾಡುತ್ತವೆ. ಬೇರೆ ಫಿಲ್ಟರ್‌ಗಳು ನೀರನ್ನು ಜೋರಾಗಿ ಎಳೆಯುತ್ತವೆ. ಮರಿಗಳೂ ಒಳಗೆ ಹೋಗಿಬಿಡುತ್ತವೆ. ಸ್ಪಂಜಿನಲ್ಲಿ ಆ ಭಯ ಇಲ್ಲ.

ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಬಂದು ಪಂಪಿಗೆ ಇಳಿಯುತ್ತದೆ. ತೊಟ್ಟಿಯೊಳಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

ಜಾವಾ ಪಾಚಿ ಎಂಬ ಗಿಡ ಅಂಗಡಿಯಲ್ಲಿ ಸಿಗುತ್ತದೆ. ಒಂದು ಹಿಡಿ ಹಾಕಿ. ಮರಿಗಳಿಗೆ ಅದೇ ತೊಟ್ಟಿಲು, ಅದೇ ಊಟದ ತಟ್ಟೆ. ಕೆರೆಯಿಂದ ಗಿಡ ಕಿತ್ತು ತರಬೇಡಿ. ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿ ಬರಬಹುದು. ಅದು ನೀರಿನಲ್ಲಿದ್ದುಕೊಂಡು ಸೀಗಡಿಗಳನ್ನು ಹಿಡಿದು ತಿನ್ನುತ್ತದೆ.

ಬೀದಿ ಬದಿಯಲ್ಲಿ ಬಾದಾಮಿ ಮರ ನೋಡಿದ್ದೀರಲ್ಲ? ಅಗಲ ಎಲೆಯದು. ಅದರ ಒಣಗಿ ಬಿದ್ದ ಎಲೆ ಒಂದನ್ನು ತೊಳೆದು ಹಾಕಿ. ಔಷಧಿ ಹೊಡೆದ ಜಾಗದ ಎಲೆ ಬೇಡ. ಎಲೆಯ ಮೇಲೆ ಕೆಲವು ದಿನದಲ್ಲಿ ಲೋಳೆ ಕಟ್ಟುತ್ತದೆ. ಆ ಲೋಳೆ ಮರಿಗಳಿಗೆ ಅಮೃತ. ಎಲೆ ಹಾಕಿದ ಮೇಲೆ ನೀರು ತಿಳಿ ಟೀ ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ. ಅದು ಕೊಳೆಯಲ್ಲ.

ಸೀಗಡಿ ಇಲ್ಲದಿದ್ದರೂ 2 ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಮೇವು ಹಾಕಿ. ಅದು ಕೊಳೆತರೆ ಸೂಕ್ಷ್ಮ ಜೀವಿಗಳಿಗೆ ಊಟ. ಗೊತ್ತಿರುವವರ ಮನೆಯಲ್ಲಿ ಹಳೆಯ, ಆರೋಗ್ಯದ ತೊಟ್ಟಿ ಇದೆಯೆ? ಅವರ ಸ್ಪಂಜು ಹಿಂಡಿದ ನೀರು ಒಂದು ಲೋಟ ಕೇಳಿ ತನ್ನಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದನ್ನು ಹಾಕಿ. ನೀರು ಬೇಗ ಹದವಾಗುತ್ತದೆ. ನೀರು ಪರೀಕ್ಷೆ ಮಾಡುವ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ತೋರಿಸಿದರೆ ನೀರು ಹದವಾಗಿದೆ.

ಯಾವ ನೀರು?

ಬೆಂಗಳೂರಿಗೆ ಕಾವೇರಿ ನೀರು ಬರತೊಡಗಿದ್ದು 1974ರಲ್ಲಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತರುತ್ತಾರೆ. ರೋಗ ಬಾರದಿರಲಿ ಅಂತ ಅದಕ್ಕೆ ಕ್ಲೋರಿನ್ ಹಾಕುತ್ತಾರೆ. ನಮಗೆ ಅದು ಒಳ್ಳೆಯದು. ಸೀಗಡಿಗೆ ಕೆಟ್ಟದ್ದು. ತೊಟ್ಟಿಯ ಸೂಕ್ಷ್ಮ ಜೀವಿಗಳಿಗೂ ಕೆಟ್ಟದ್ದು. ನಲ್ಲಿ ನೀರನ್ನು ಅಗಲವಾದ ಬಕೆಟ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಇಡಿ. ಮೇಲೆ ತೆಳು ಬಟ್ಟೆ ಕಟ್ಟಿ. ಕ್ಲೋರಿನ್ ಆರಿ ಹೋಗುತ್ತದೆ.

ಬಕೆಟ್ ಪ್ಲಾಸ್ಟಿಕ್ಕಿನದು ಇರಲಿ. ತಾಮ್ರದ ಬಿಂದಿಗೆ, ತಾಮ್ರದ ಹಂಡೆ ಬೇಡವೇ ಬೇಡ. ತಾಮ್ರದ ಪಾತ್ರೆಯ ನೀರು ಒಳ್ಳೆಯದು ಅಂತ ನಾವು ಕುಡಿಯುತ್ತೇವೆ. ಆದರೆ ಸೀಗಡಿಗೆ ತಾಮ್ರ ವಿಷ. ಸ್ವಲ್ಪವೇ ಬೆರೆತರೂ ಸಾಯುತ್ತವೆ. ಮೀನಿನ ರೋಗಕ್ಕೆ ಹಾಕುವ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ. ಕೇಳದೆ ಯಾವ ಔಷಧಿಯನ್ನೂ ಹಾಕಬೇಡಿ. ಸೊಳ್ಳೆ, ಜಿರಳೆಗೆ ಹೊಡೆಯುವ ಔಷಧಿಯೂ ಸೀಗಡಿಯನ್ನು ಕೊಲ್ಲುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಅದನ್ನು ಸಿಂಪಡಿಸಬೇಡಿ. ತೊಟ್ಟಿಯ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ ಹಾಕಿ. ಸೊಳ್ಳೆ ಒಳಗೆ ಮೊಟ್ಟೆ ಇಡುವುದಿಲ್ಲ. ಸೀಗಡಿ ಹೊರಗೆ ನೆಗೆಯುವುದಿಲ್ಲ.

ಸೀಗಡಿ ಬಿಡುವುದು

6 ವಾರ ಕಳೆಯಿತು. ಮಗಳು 10 ಸೀಗಡಿ ತಂದಳು. ಚೀಲ ಬಿಚ್ಚಿ ಸುರಿಯಲು ತಾಯಿ ಹೋದಳು.

“ಬೇಡಮ್ಮ, ಬೇಡ! ಅಂಗಡಿ ನೀರೇ ಬೇರೆ, ನಮ್ಮ ನೀರೇ ಬೇರೆ.”

ಮಗಳು ಸೀಗಡಿಗಳನ್ನು ನೀರಿನ ಸಮೇತ ಒಂದು ಡಬ್ಬಿಗೆ ಬಿಟ್ಟಳು. ಸಣ್ಣ ಕೊಳವೆಯ ಒಂದು ತುದಿಯನ್ನು ತೊಟ್ಟಿಯಲ್ಲಿ ಇಟ್ಟಳು. ಇನ್ನೊಂದು ತುದಿಗೆ ಗಂಟು ಹಾಕಿದಳು. ತೊಟ್ಟಿಯ ನೀರು ಆಸ್ಪತ್ರೆಯ ಡ್ರಿಪ್ಪಿನ ಹಾಗೆ ಡಬ್ಬಿಗೆ ತೊಟ್ಟು ತೊಟ್ಟಾಗಿ ಬಿತ್ತು. 2 ಗಂಟೆ ಹೀಗೆ ನಡೆಯಿತು. ಆಮೇಲೆ ಸೀಗಡಿಗಳನ್ನು ಮಾತ್ರ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟಳು. ಅಂಗಡಿಯ ನೀರನ್ನು ಚೆಲ್ಲಿದಳು.

ಸೀಗಡಿಯ ಜೊತೆ ಮೀನು ಬೇಡ. ಗಪ್ಪಿ ಮೀನು ಸಣ್ಣದೇ ಇರಬಹುದು. ಆದರೂ ಸೀಗಡಿ ಮರಿಗಳನ್ನು ನುಂಗುತ್ತದೆ. ಬೇರೆ ಬಣ್ಣದ ಚೆರ್ರಿ ಸೀಗಡಿಯೂ ಬೇಡ. ಬಣ್ಣ ಬಣ್ಣ ಕೂಡಿದರೆ ಮರಿಗಳು ಬರಬರುತ್ತಾ ಮಣ್ಣಿನ ಬಣ್ಣಕ್ಕೆ ತಿರುಗುತ್ತವೆ.

ತಾಯಿ ಸೀಗಡಿ

ಹೆಣ್ಣು ಯಾವುದು, ಗಂಡು ಯಾವುದು? ಹೆಣ್ಣು ದೊಡ್ಡದು. ಬಣ್ಣ ಗಾಢ. ಹೊಟ್ಟೆ ಅಗಲ. ಗಂಡು ಚಿಕ್ಕದು, ತೆಳ್ಳಗೆ, ಬಣ್ಣ ಕಡಿಮೆ.

ಪ್ರಾಯಕ್ಕೆ ಬಂದ ಹೆಣ್ಣಿನ ತಲೆಯ ಹಿಂದೆ ಹಳದಿ ಮಚ್ಚೆ ಕಾಣುತ್ತದೆ. ಕುದುರೆಗೆ ಜೀನು ಹಾಕಿದ ಹಾಗೆ ಇರುತ್ತದೆ. ಅದು ಒಳಗೆ ಬೆಳೆಯುತ್ತಿರುವ ಮೊಟ್ಟೆ. ಆಮೇಲೆ ಹೆಣ್ಣು ಹಾವಿನ ಹಾಗೆ ಪೊರೆ ಬಿಡುತ್ತದೆ. ಆಗ ಗಂಡು ಕೂಡುತ್ತದೆ. ಮೊಟ್ಟೆಗಳು ಹೊಟ್ಟೆಯ ಕೆಳಗೆ ಬರುತ್ತವೆ. ಒಂದು ಸಲಕ್ಕೆ 20ರಿಂದ 30 ಮೊಟ್ಟೆ. ತಾಯಿ ಅವನ್ನು ಹೊಟ್ಟೆಯಡಿಯ ಪುಟ್ಟ ಕಾಲುಗಳಲ್ಲಿ ಹಿಡಿದುಕೊಳ್ಳುತ್ತದೆ. ಹಗಲೂ ರಾತ್ರಿ ಬೀಸಣಿಗೆ ಬೀಸಿದ ಹಾಗೆ ಕಾಲು ಆಡಿಸುತ್ತದೆ. ಮೊಟ್ಟೆಗೆ ಹೊಸ ನೀರು, ಗಾಳಿ ಸಿಗುತ್ತದೆ. ಮೊಟ್ಟೆಗೆ ಬೂಸಲು ಹಿಡಿಯುವುದಿಲ್ಲ.

ಒಂದು ದಿನ ತಾಯಿ ಹೌಹಾರಿದಳು.

“ಅಯ್ಯೋ, ಒಂದು ಸತ್ತು ಬೆಳ್ಳಗೆ ಆಗಿದೆ ಕಣೆ!”

“ಎಣಿಸು ನೋಡೋಣ, ಅಮ್ಮ.”

ತಾಯಿ ಎಣಿಸಿದಳು. 10 ಸೀಗಡಿಯೂ ಇದ್ದವು. ಬೆಳ್ಳಗೆ ಕಂಡದ್ದು ಬಿಟ್ಟ ಪೊರೆ. ಪೊರೆಯನ್ನು ತೆಗೆದು ಹಾಕಬೇಡಿ. ಸೀಗಡಿಗಳೇ ಅದನ್ನು ತಿನ್ನುತ್ತವೆ. ಹೊಸ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಅದರಲ್ಲಿದೆ.

ಮರಿಗಳ ಆರೈಕೆ

ಸುಮಾರು 4 ವಾರಕ್ಕೆ ಮೊಟ್ಟೆ ಒಡೆಯುತ್ತದೆ. ಮರಿ ಬರೀ 2 ಮಿಲಿಮೀಟರ್. ರಾಗಿ ಕಾಳಿನಷ್ಟು. ಆದರೆ ಮೀಸೆ, ಕಾಲು, ಬಾಲ ಎಲ್ಲ ದೊಡ್ಡ ಸೀಗಡಿಯ ಹಾಗೇ. ಹುಟ್ಟಿದ ದಿನದಿಂದ ತಾನೇ ಮೇಯುತ್ತದೆ. ತಾಯಿ ಹಾಲು ಕೊಡುವುದಿಲ್ಲ, ಗುಟುಕು ಕೊಡುವುದಿಲ್ಲ. ತಾಯಿ ಮರಿಯನ್ನು ಬೇಟೆಯಾಡುವುದೂ ಇಲ್ಲ. ಆದ್ದರಿಂದ ತಾಯಿಯನ್ನು ಬೇರೆ ಇಡಬೇಕಿಲ್ಲ.

ಮರಿಗಳು ದೂರ ಹೋಗುವುದಿಲ್ಲ. ಇದ್ದ ಜಾಗದಲ್ಲೇ ಪಾಚಿ, ಲೋಳೆ ಮೇಯುತ್ತವೆ. ಗಾಜಿನ ಹಿಂಬದಿಯ ಪಾಚಿಯನ್ನು ಉಜ್ಜಿ ತೆಗೆಯಬೇಡಿ. ಅದು ಮರಿಗಳ ಹುಲ್ಲುಗಾವಲು. ಹೊಸ ತೊಟ್ಟಿಯಲ್ಲಿ ಲೋಳೆ ಇರುವುದಿಲ್ಲ. ಅಲ್ಲಿ ಮರಿಗಳು ಹಸಿವಿನಿಂದ ಸಾಯುತ್ತವೆ. ಹಳೆಯ ತೊಟ್ಟಿಯಲ್ಲಿ ಬದುಕುತ್ತವೆ. ಮರಿ ಉಳಿಸುವ ಗುಟ್ಟು ಇದೇ.

ದೊಡ್ಡ ಸೀಗಡಿಗಳಿಗೆ 2 ದಿನಕ್ಕೊಮ್ಮೆ ಮೇವು ಸಾಕು. ಬೇಯಿಸಿದ ಪಾಲಕ್ ಎಲೆಯ ಚೂರು, ಸೌತೆಕಾಯಿಯ ಒಂದು ಬಿಲ್ಲೆ ಕೊಡಬಹುದು. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿ. ಉಪ್ಪು ಹಾಕಬೇಡಿ. ತಿಂದು ಉಳಿದದ್ದನ್ನು ಕೆಲವು ಗಂಟೆಯಲ್ಲಿ ತೆಗೆಯಿರಿ. ಹಸಿದು ಸಾಯುವ ದೊಡ್ಡ ಸೀಗಡಿ ಕಡಿಮೆ. ಮೇವು ಹೆಚ್ಚಾಗಿ ನೀರು ಕೆಟ್ಟು ಸಾಯುವುದೇ ಹೆಚ್ಚು.

ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿ. ಕೊಳವೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ ನೀರು ತೆಗೆಯಿರಿ. ಮರಿ ಹೊರಗೆ ಹೋಗಬಾರದು. ಹೊಸ ನೀರನ್ನು ನಿಧಾನವಾಗಿ ಬಿಡಿ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ.

ನೋಟು ಪುಸ್ತಕ ಹೇಳಿದ ಮಾತು

ತಾಯಿ ಒಂದು ನೋಟು ಪುಸ್ತಕ ಇಟ್ಟಿದ್ದಳು. ತೊಟ್ಟಿಯಲ್ಲಿ ಏನು ನಡೆದರೂ ತಾರೀಕು ಹಾಕಿ ಬರೆಯುತ್ತಿದ್ದಳು. ಅದರ ಒಂದು ಪುಟ ಓದಿ.

ಜನವರಿ 5: ತೊಟ್ಟಿಗೆ ನೀರು ತುಂಬಿಸಿದೆವು.
ಫೆಬ್ರವರಿ 16: 10 ಸೀಗಡಿ ಬಿಟ್ಟೆವು.
ಮಾರ್ಚ್ 10: ಒಂದು ತಾಯಿಗೆ ಮೊಟ್ಟೆ.
ಏಪ್ರಿಲ್ 7: ಮರಿ ಕಂಡವು. 18 ಎಣಿಸಿದೆ.
ಏಪ್ರಿಲ್ 20: ಕಾವೇರಿ ನೀರು ಬರಲಿಲ್ಲ. ತೊಟ್ಟಿ ನೀರು ಕಂದು. ಟ್ಯಾಂಕರ್ ನೀರು 2 ಬಿಂದಿಗೆ ಹಾಕಿದೆ. ಪಕ್ಕದ ಮನೆ ಅಕ್ಕ ಬಂದಿದ್ದರು. ಚೆನ್ನಾಗಿದೆ ಅಂದರು.
ಏಪ್ರಿಲ್ 21: 3 ದೊಡ್ಡವು ಸತ್ತವು.
ಏಪ್ರಿಲ್ 22: 6 ಮರಿ ಸತ್ತವು.

ಅಜ್ಜಿ ಹೇಳಿದಳು, “ಹೊರಗಿನವರ ದೃಷ್ಟಿ ತಾಗಿದೆ. ಮೆಣಸಿನಕಾಯಿ ನಿವಾಳಿಸಿ ಹಾಕು.”

ತಾಯಿಗೂ ಹಾಗೇ ಅನ್ನಿಸಿತು. ಆಮೇಲೆ ಪುಸ್ತಕ ತೆಗೆದಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಏಪ್ರಿಲ್ 20ಕ್ಕೆ ಬೆರಳು ನಿಂತಿತು.

“ಅತ್ತೆ, ಆ ಅಕ್ಕ ಮಾರ್ಚ್‌ನಲ್ಲೂ ಬಂದಿದ್ದರು. ಆಗ ಏನೂ ಆಗಲಿಲ್ಲ. ಈ ಸಲ ಹೊಸದು ಅಂದರೆ ಟ್ಯಾಂಕರ್ ನೀರು.”

ಅವಳು ಕಂಡುಕೊಂಡದ್ದು ನಿಜ. 2 ಬಿಂದಿಗೆ ಅಂದರೆ ಹೆಚ್ಚು ಕಡಿಮೆ ಅರ್ಧ ತೊಟ್ಟಿ. ಟ್ಯಾಂಕರ್ ನೀರು ಬೋರ್‌ವೆಲ್ಲಿನದು. ಅದು ಗಡಸು. ಕಾವೇರಿ ನೀರು ಅಷ್ಟು ಗಡಸಲ್ಲ. ಬೋರ್‌ವೆಲ್ ನೀರು ಕೆಟ್ಟದ್ದು ಅಂತಲ್ಲ. ಮೊದಲಿನಿಂದ ಅದರಲ್ಲೇ ಬೆಳೆದ ಸೀಗಡಿ ಅದರಲ್ಲಿ ಬದುಕುತ್ತವೆ. ಆದರೆ ಒಂದೇ ದಿನ ಅರ್ಧ ನೀರು ಬದಲಾದರೆ ಸೀಗಡಿ ತಡೆಯುವುದಿಲ್ಲ. ಅವು ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡಲು ಹೋಗಿ ಸಾಯುತ್ತವೆ. ಕಂದು ಬಣ್ಣ ಬಾದಾಮಿ ಎಲೆಯದು. ನೀರು ಬದಲಿಸುವ ಅಗತ್ಯವೇ ಇರಲಿಲ್ಲ.

ಅವಳು ಗಾಬರಿಯಿಂದ ಮತ್ತೆ ನೀರು ಬದಲಿಸಲಿಲ್ಲ. ಮೇವು ನಿಲ್ಲಿಸಿದಳು. ಸತ್ತವನ್ನು ತೆಗೆದಳು. ಉಳಿದ 7 ದೊಡ್ಡವು, 12 ಮರಿ ಬದುಕಿದವು. ಅಂದಿನಿಂದ ಮನೆಯಲ್ಲಿ ಒಂದು ಬಕೆಟ್ ಕಾವೇರಿ ನೀರು ಸೀಗಡಿಗೆಂದೇ ಇರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದದ್ದು ನೆನಪಿದೆಯಲ್ಲ? ಅಂಥ ದಿನ ಬಂದರೆ ನೀರು ಬದಲಿಸಬೇಡಿ. ಮೇವು ಕಡಿಮೆ ಮಾಡಿ. ಆರಿದ್ದಷ್ಟನ್ನು ಮಾತ್ರ ತುಂಬಿಸಿ.

ಬರೆದಿಟ್ಟಿದ್ದರಿಂದ ಕಾರಣ ಸಿಕ್ಕಿತು. ನೆರೆಯವರ ಮೇಲೆ ತಪ್ಪು ಹೊರಿಸುವುದೂ ತಪ್ಪಿತು.

ಎಲ್ಲ ಸೀಗಡಿಯೂ ಒಂದೇ ಅಲ್ಲ

ನಮ್ಮ ದೇಶದ ನದಿಗಳಲ್ಲಿ ದೊಡ್ಡ ಸಿಹಿನೀರು ಸೀಗಡಿ ಇದೆ. ಕೊಳಗಳಲ್ಲೂ ಸಾಕುತ್ತಾರೆ. ಅದು ಬೆಳೆಯುವುದು ಸಿಹಿನೀರಿನಲ್ಲಿ. ಮೊಟ್ಟೆ ಹೊತ್ತ ತಾಯಿ ಮಾತ್ರ ನದಿ ಸಮುದ್ರ ಸೇರುವ ಅಳಿವೆಯ ಕಡೆ ಹೋಗುತ್ತದೆ. ಹಿಂದೆ ಇದರ ಮರಿ ಮಾಡಿಸಲು ಹೋದವರ ಮರಿಗಳೆಲ್ಲ ಸಾಯುತ್ತಿದ್ದವು. 1961ರಲ್ಲಿ ಶಾವೊ-ವೆನ್ ಲಿಂಗ್ ಎಂಬ ವಿಜ್ಞಾನಿ ಇದರ ಕಾರಣ ಕಂಡುಹಿಡಿದರು. ಅವರು ಈಗಿನ ಮಲೇಷಿಯಾದ ಪೆನಾಂಗ್‌ನಲ್ಲಿ ಕೆಲಸ ಮಾಡುತ್ತಿದ್ದರು. ಎಳೆ ಮರಿಗಳಿಗೆ ಸ್ವಲ್ಪ ಉಪ್ಪಿರುವ ನೀರು ಬೇಕು ಅಂತ ಅವರು ತೋರಿಸಿದರು. ಆಮೇಲೆಯೇ ಈ ಸೀಗಡಿಯ ಸಾಕಣೆ ಬೆಳೆಯಿತು.

ಅಂಗಡಿಯಲ್ಲಿ ಸಿಗುವ ಅಮಾನೊ ಸೀಗಡಿಯೂ ಹಾಗೇ. ಅದರ ಎಳೆ ಮರಿಗೆ ಉಪ್ಪುನೀರು ಬೇಕು. ಮನೆಯ ಸಿಹಿನೀರಿನ ತೊಟ್ಟಿಯಲ್ಲಿ ಅದರ ಮರಿ ಉಳಿಯುವುದಿಲ್ಲ. ಹೊಸಬರು ಚೆರ್ರಿ ಸೀಗಡಿಯನ್ನೇ ಕೇಳಿ ತನ್ನಿ.

ಕೆರೆಗೆ ಬಿಡಬೇಡಿ

ಮರಿ ಹೆಚ್ಚಾದರೆ ಕೆರೆಗೆ ಬಿಡೋಣ ಅಂತ ಕೆಲವರಿಗೆ ಅನ್ನಿಸುತ್ತದೆ. ಅದು ಪುಣ್ಯದ ಕೆಲಸ ಅಲ್ಲ. ನಮ್ಮ ಹಳ್ಳ ಕೆರೆಗಳಿಗೆ ನಮ್ಮವೇ ಸಣ್ಣ ಸೀಗಡಿಗಳಿವೆ. ಹೊರಗಿನದು ಬಂದರೆ ಅವುಗಳ ಮೇವು ಕಸಿಯಬಹುದು, ರೋಗ ತರಬಹುದು. ಆಫ್ರಿಕಾದ ಕ್ಯಾಟ್‌ಫಿಶ್ ಹೀಗೇ ಹೊರಗಿನಿಂದ ಬಂದ ಮೀನು. ಅದು ನಮ್ಮ ಮೀನುಗಳನ್ನು ತಿಂದು ಹಾಕುತ್ತದೆ. ಅದರ ಸಾಕಣೆಯನ್ನು ಸರ್ಕಾರ ನಿಷೇಧಿಸಿದೆ. ಹೇರೋಹಳ್ಳಿ ಕೆರೆ ಇರಲಿ, ನಿಮ್ಮೂರ ಕೆರೆ ಇರಲಿ, ತೊಟ್ಟಿಯ ಜೀವ ತೊಟ್ಟಿಯಲ್ಲೇ ಇರಲಿ. ತೊಟ್ಟಿಯಿಂದ ತೆಗೆದ ನೀರನ್ನು ಹೂಕುಂಡಕ್ಕೆ ಹಾಕಿ. ಗಿಡಕ್ಕೆ ಅದು ಒಳ್ಳೆಯ ಗೊಬ್ಬರ.

ಹಣದ ಮಾತು

“ಇದರಿಂದ ದುಡ್ಡು ಬರುತ್ತಾ?” ಅಂತ ಎಲ್ಲರೂ ಕೇಳುತ್ತಾರೆ. ಸ್ವಲ್ಪ ಬರಬಹುದು. ಮರಿ ಸುಮಾರು 3 ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಆಮೇಲೆ ಸಂಖ್ಯೆ ಬೇಗ ಏರುತ್ತದೆ. ಹೆಚ್ಚಾದದ್ದನ್ನು ಬಣ್ಣದ ಮೀನಿನ ಅಂಗಡಿಯವರು ಕೊಳ್ಳಬಹುದು. ಆದರೆ ಒಂದು ತೊಟ್ಟಿಯಿಂದ ಸಂಸಾರ ನಡೆಯುವುದಿಲ್ಲ. ಸಾಲ ಮಾಡಿ ಹತ್ತು ತೊಟ್ಟಿ ಇಡಬೇಡಿ. ಮೊದಲು ಒಂದು ತೊಟ್ಟಿ, ಒಂದು ವರ್ಷ. ಖರ್ಚು ಎಷ್ಟು, ಸತ್ತದ್ದು ಎಷ್ಟು, ಮಾರಿದ್ದು ಎಷ್ಟು, ಎಲ್ಲ ಬರೆಯಿರಿ. ಲೆಕ್ಕ ನೋಡಿ ಮುಂದಿನ ಹೆಜ್ಜೆ ಇಡಿ.

ಬೆಂಗಳೂರಿನ ಹೆಸರಘಟ್ಟದಲ್ಲಿ ಮೀನುಗಾರಿಕೆಯ ಸಂಶೋಧನಾ ಕೇಂದ್ರಗಳಿವೆ. ಮೀನು, ಸೀಗಡಿ ಸಾಕಣೆಯ ಬಗ್ಗೆ ಅಲ್ಲಿ ಹೋಗಿ ಕೇಳಬಹುದು. ಕೇಳಲು ಸಂಕೋಚ ಬೇಡ.

ನೆನಪಿಡಿ

• ನೀರು ಹದವಾಗಲು 4ರಿಂದ 6 ವಾರ ಕಾಯಿರಿ.
• ತಾಮ್ರದ ಪಾತ್ರೆ ಬೇಡ. ಸೊಳ್ಳೆ ಔಷಧಿ ಬೇಡ.
• ಮೇವು ಕಡಿಮೆ, ಪಾಚಿ ಜಾಸ್ತಿ.
• ನೀರು ಬದಲಿಸುವುದು ಸ್ವಲ್ಪ ಸ್ವಲ್ಪ, ನಿಧಾನವಾಗಿ.
• ಕೆರೆಗೆ ಬಿಡಬೇಡಿ.
• ತಾರೀಕು ಹಾಕಿ ಬರೆದಿಡಿ.

ಓದಿ, ಉತ್ತರ ಹೇಳಿ

1. ತೊಟ್ಟಿಯ ನೀರನ್ನು ದೋಸೆ ಹಿಟ್ಟಿಗೆ ಯಾಕೆ ಹೋಲಿಸಿದ್ದಾರೆ?
2. ಬೆಳ್ಳಗೆ ಕಂಡದ್ದು ಸತ್ತ ಸೀಗಡಿಯೆ? ತಾಯಿಗೆ ಹೇಗೆ ಗೊತ್ತಾಯಿತು?
3. ಹಳೆಯ ತೊಟ್ಟಿಯಲ್ಲಿ ಮರಿಗಳು ಹೆಚ್ಚು ಉಳಿಯುವುದು ಯಾಕೆ?
4. ಏಪ್ರಿಲ್ 21ರಂದು ಸೀಗಡಿಗಳು ಸತ್ತದ್ದು ಯಾಕೆ?

ಲೆಕ್ಕ ಮಾಡಿ

1. ಮಾರ್ಚ್ 10ಕ್ಕೆ ಮೊಟ್ಟೆ ಕಂಡಿತು. ಏಪ್ರಿಲ್ 7ಕ್ಕೆ ಮರಿ ಬಂತು. ಎಷ್ಟು ದಿನವಾಯಿತು?
2. 50 ಲೀಟರ್ ನೀರಿನಲ್ಲಿ ಹತ್ತರಲ್ಲಿ ಒಂದು ಪಾಲು ಅಂದರೆ ಎಷ್ಟು ಲೀಟರ್?

ಬರೆಯಿರಿ

ನಿಮ್ಮ ಮನೆಯಲ್ಲಿ ಸೀಗಡಿ ಇರಬೇಕೆಂದಿಲ್ಲ. ಹಸು, ಕೋಳಿ, ತುಳಸಿ ಗಿಡ, ಏನಾದರೂ ಇರುತ್ತದೆ. ಒಂದು ವಾರ ಅದನ್ನು ನೋಡಿ. ದಿನಕ್ಕೆ ಒಂದು ಸಾಲು, ತಾರೀಕು ಹಾಕಿ ಬರೆಯಿರಿ. ವಾರದ ಕೊನೆಗೆ ನಿಮ್ಮ ಕೇಂದ್ರದಲ್ಲಿ ಎಲ್ಲರ ಮುಂದೆ ಓದಿ.